ತಣ್ಣೀರಿನ ಬಟ್ಟಲು

ಎಲ್ಲರ ಮನೆಯಲ್ಲೂ ತಾಯಿ ಮಕ್ಕಳಿಗೆ ತುತ್ತು ಕೊಡುತ್ತಾಳೆ. ನಮ್ಮ ಮನೆಯಲ್ಲಿ ಅವ್ವನಿಗೆ ನಾನು ತುತ್ತು ಕೊಡುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಅವ್ವ ರೇಷ್ಮೆ ಫ್ಯಾಕ್ಟರಿಯಿಂದ ಬಂದು, ಅಡುಗೆಮನೆಯ ಗೋಡೆಗೆ ಒರಗಿ, ಕಾಲು ಚಾಚಿ ಕೂರುವಳು. ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಳ್ಳುವಳು. ಬೆರಳಿನ ತುದಿಯ ಚರ್ಮ ಬೆಂದು ಬೆಳ್ಳಗಾಗಿ ಸುಲಿದು ಬರುತ್ತಿತ್ತು, ಬಿರುಕಿನೊಳಗೆ ಕೆಂಪು ಮಾಂಸ ಕಾಣುತ್ತಿತ್ತು. ನಮ್ಮ ಕಡೆಯ ಊಟ ನಿಮಗೆ ಗೊತ್ತಲ್ಲ, ಬಿಸಿ ಮುದ್ದೆ, ಉಪ್ಸಾರು, ಅದಕ್ಕೆ ಹಸಿಮೆಣಸಿನಕಾಯಿ ಅರೆದ ಖಾರ. ಆ ಬೆರಳುಗಳನ್ನು ಆ ಖಾರಕ್ಕೆ ಹೇಗೆ ಅದ್ದಬೇಕು? ನಾನು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಅವ್ವ ಕಣ್ಣು ಮುಚ್ಚಿಕೊಂಡು ನುಂಗುವಳು. ಬೀದಿಯ ಹೆಂಗಸರು ಬೆಂಕಿ ಕೇಳುವ ನೆಪದಲ್ಲಿ ಬಂದು ಇದನ್ನು ನೋಡಿ ನಗುತ್ತಿದ್ದರು.

"ಕೆಂಪಮ್ಮಂಗೆ ಮಗಳೇ ಅವ್ವ ಆಗ್ಬುಟ್ಟವ್ಳೆ ಕಣ್ರವ್ವ."

ಅವ್ವನೂ ಅವರ ಜೊತೆ ನಗುವಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಅಂತ ಹೇಳುವವರು ಯಾವ ಸಿಟ್ಟನ್ನೂ ನೆಟ್ಟಗೆ ಇಟ್ಟುಕೊಂಡವರಲ್ಲ.

ನಮ್ಮ ಮನೆ ಇದ್ದದ್ದು ಕೊಳ್ಳೇಗಾಲದ ಕೊನೆಯ ಬೀದಿಯಲ್ಲಿ. ಲೊಕ್ಕನಹಳ್ಳಿ ಕಡೆಯಿಂದ ಬರುವ ಸೌದೆಗಾಡಿಗಳೆಲ್ಲ ನಮ್ಮ ಬಾಗಿಲ ಮುಂದೆಯೇ ಹಾಯುತ್ತಿದ್ದವು. ಮುಂದಿನ ಅಂಕಣದಲ್ಲಿ ಚಿಕ್ಕಪ್ಪ ಸಿದ್ದಪ್ಪನ ಗುಂಡಿಮಗ್ಗ. ಆತ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು ಸಾವ್ಕಾರರಿಗೆ ರೇಷ್ಮೆ ಸೀರೆ ನೇಯುತ್ತಿದ್ದ. ಮನೆಗೆ ಯಾರೇ ಬಂದರೂ ಮೊದಲು ಅವನ ತಲೆ ಕಾಣಬೇಕು, ಆಮೇಲೆ ಮಗ್ಗದ ಪಕ್ಕದಲ್ಲಿ ಗೋಡೆಗೆ ಮೈಯೊತ್ತಿಕೊಂಡು ಒಳಗೆ ನುಸುಳಬೇಕು. ಒಳಗೆ ಒಂದು ನಡುಮನೆ, ಗೂಡಿನಲ್ಲಿ ಮಾದಪ್ಪನ ಪಟ, ಹಿಂದೆ ಅಡುಗೆಮನೆ, ಅದರ ಆಚೆ ಹಿತ್ತಲು. ಅಜ್ಜಿ, ಅಂದರೆ ನಮ್ಮಪ್ಪನ ತಾಯಿ, ನಡುಮನೆಯಲ್ಲಿ ಕೂತು ಇಡೀ ಮನೆಯನ್ನು ಬಾಯಲ್ಲೇ ನಡೆಸುತ್ತಿದ್ದಳು. ಚಿಕ್ಕಪ್ಪನ ಹೆಂಡತಿ ನಾಗಮ್ಮ, ನನ್ನ ಚಿಕ್ಕವ್ವ, ಆಗಿನ್ನೂ ಹೊಸ ಹುಡುಗಿ. ಅವ್ವನನ್ನು ಅಕ್ಕಾ ಅಕ್ಕಾ ಅಂತ ಸೆರಗು ಹಿಡಿದುಕೊಂಡೇ ಓಡಾಡುತ್ತಿದ್ದಳು. ಮಕ್ಕಳು ಅಂದರೆ ನಾನೊಬ್ಬಳೇ.

ಅಪ್ಪ ಬದುಕಿದ್ದಾಗ ಹಿತ್ತಲಲ್ಲಿ ನಮ್ಮದೇ ಚರಕ ಇತ್ತು. ಒಲೆಯ ಮೇಲೆ ದೊಡ್ಡ ಬಾಣಲೆ, ಅದರಲ್ಲಿ ಕುದಿಯುವ ನೀರು, ನೀರಿನಲ್ಲಿ ರೇಷ್ಮೆ ಗೂಡುಗಳು. ಅಪ್ಪ ಚರಕ ತಿರುಗಿಸುವನು, ಅವ್ವ ಬೆಂದ ಗೂಡುಗಳಿಂದ ಎಳೆ ಹುಡುಕಿ ಎತ್ತಿ, ನಾಲ್ಕಾರು ಎಳೆ ಕೂಡಿಸಿ ಒಂದು ನೂಲು ಮಾಡಿ ಬಿಡುವಳು. ಅವಳ ಬಲಗಡೆ ಒಂದು ಮಣ್ಣಿನ ಬಟ್ಟಲಲ್ಲಿ ತಣ್ಣೀರು ಇರುತ್ತಿತ್ತು. ಬಿಸಿನೀರಿಗೆ ಬೆರಳು ಇಡುವ ಮೊದಲು ಒಂದು ಸಲ ಅದರಲ್ಲಿ ಅದ್ದುವಳು, ತೆಗೆದ ಮೇಲೆ ಇನ್ನೊಂದು ಸಲ. ನೂಲು ತೆಗೆಯುವವರು ಯಾರ ಮನೆಯಲ್ಲೂ ಹಾಗೇ ಮಾಡುತ್ತಿದ್ದರು, ಅದೊಂದು ವಿಷಯ ಅಂತ ಯಾರಿಗೂ ಅನ್ನಿಸಿರಲಿಲ್ಲ. ಬಟ್ಟಲಿನ ನೀರು ಬೆಚ್ಚಗಾದರೆ ಚೆಲ್ಲಿ ಹೊಸದಾಗಿ ತುಂಬುವುದು ನನ್ನ ಕೆಲಸ. ಆಗ ಅವ್ವನ ಕೈ ಎಲ್ಲರ ಕೈ ಥರವೇ ಇತ್ತು, ನನ್ನ ತಲೆ ಬಾಚುವಳು, ಸಿಟ್ಟು ಬಂದರೆ ಬೆನ್ನಿಗೆ ಬಾರಿಸುವಳು.

ಆಮೇಲೆ ಅಪ್ಪ ಪಾಲಾರ್ ಕಡೆಯ ಕಾಡಿಗೆ ಬಿದಿರು ಕಡಿಯಲು ಹೋಗಿ ಚಳಿಜ್ವರ ಹಿಡಿದುಕೊಂಡು ಬಂದು ತೀರಿಕೊಂಡ. ಅವ್ವನ ಬಳೆ ಕುಂಕುಮ ಹೋಯಿತು. ಅದೇ ಹೊತ್ತಿಗೆ ಸಾವ್ಕಾರರು ಊರಾಚೆ ತಗಡಿನ ಮಾಡು ಹಾಕಿ, ಉಗಿಯಿಂದ ನೀರು ಕಾಯಿಸುವ ಫ್ಯಾಕ್ಟರಿ ಕಟ್ಟಿದರು. ಸುತ್ತಲ ಗೂಡನ್ನೆಲ್ಲ ಅವರೇ ಎತ್ತಿಕೊಂಡರೆ ನಮ್ಮ ಹಿತ್ತಲ ಚರಕಕ್ಕೆ ಗೂಡು ಎಲ್ಲಿಂದ ಬರಬೇಕು? ಚರಕ ಸೌದೆಯಾಯಿತು. ಅವ್ವ, ಚಿಕ್ಕವ್ವ ಇಬ್ಬರೂ ಫ್ಯಾಕ್ಟರಿಗೆ ಹೋಗತೊಡಗಿದರು.

ಮಧ್ಯಾಹ್ನ ಇಬ್ಬರಿಗೂ ಬುತ್ತಿ ಒಯ್ಯುತ್ತಿದ್ದೆನಲ್ಲ, ಹಾಗಾಗಿ ಒಳಗೆ ನೋಡಿದ್ದೇನೆ. ಸಾಲಾಗಿ ಬೇಸಿನ್ನುಗಳು, ಒಂದೊಂದಕ್ಕೂ ಒಬ್ಬೊಬ್ಬ ಹೆಂಗಸು, ಹೊಗೆಯ ಹಾಗೆ ಉಗಿ, ಬೆಂದ ಹುಳದ ವಾಸನೆ. ಆ ವಾಸನೆ ಅವ್ವನ ತಲೆಗೂದಲಿಗೆ ಹಿಡಿದರೆ ಸೀಗೆಪುಡಿಗೂ ಬಗ್ಗುತ್ತಿರಲಿಲ್ಲ. ಕುದಿಯುವ ನೀರಿನಲ್ಲಿ ಬೆರಳು ಆಡುತ್ತಲೇ ಇರಬೇಕು. ತಣ್ಣೀರಿನ ಬಟ್ಟಲು ಇರಲಿಲ್ಲ. ಮೊದಲ ದಿನ ಅವ್ವ ತನ್ನದೇ ಮಣ್ಣಿನ ಬಟ್ಟಲು ತೆಗೆದುಕೊಂಡು ಹೋಗಿದ್ದಳು. ಮೇಸ್ತ್ರಿ ಅದನ್ನು ಎತ್ತಿ ಹೊರಗೆ ಇಟ್ಟನಂತೆ.

"ಇದು ನಿನ್ನ ಹಿತ್ಲು ಅಲ್ಲ ಕಣಮ್ಮ. ಕೈ ಅದ್ಕೊಂಡು ಕೂತ್ರೆ ಎಳೆ ಯಾರು ಎತ್ತೋರು? ಮಿಷನ್ನು ನಿಲ್ತದಾ ನಿನ್ನ ಬೆರಳಿಗೋಸ್ಕರ?"

ನೋಡಿ, ಇದು ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ. ಒಂದು ಬಟ್ಟಲು ನೀರು. ಫ್ಯಾಕ್ಟರಿಯ ಅಂಗಳದಲ್ಲೇ ಬಾವಿ. ಆದರೆ ಬೆರಳು ತಣ್ಣೀರಿಗೆ ಹೋಗಿ ಬರುವ ಆ ಒಂದು ಗಳಿಗೆಯೂ ಸಾವ್ಕಾರರದ್ದೇ ಅಂತ ಲೆಕ್ಕ. ಅವರಿಗೆ ತಿಳಿಯದೆ ಹೀಗೆ ಮಾಡಿದರು ಅಂತ ಯಾರೂ ಹೇಳಬೇಡಿ. ಆಗ ನಮ್ಮೂರು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿಂದ ಸರ್ಕಾರದ ಇನ್ಸ್‌ಪೆಕ್ಟರು ಬರುತ್ತಾರೆ ಅಂದ ದಿನ ಪ್ರತಿ ಬೇಸಿನ್ನಿನ ಪಕ್ಕದಲ್ಲೂ ಬೆಳಗಿದ ಹಿತ್ತಾಳೆ ಬಟ್ಟಲು, ಅದರ ತುಂಬ ಬಾವಿ ನೀರು. ನಾನೇ ಕಣ್ಣಾರೆ ಕಂಡೆ. ಇನ್ಸ್‌ಪೆಕ್ಟರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಒಂದು ಸುತ್ತು ಹಾಕಿ ಹೋದರು. ಅವರ ಕಾರಿನ ಧೂಳು ಇಳಿಯುವ ಮೊದಲೇ ಮೇಸ್ತ್ರಿ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿ ಒಳಗೆ ಒಯ್ದ. ಆ ದಿನ ಅವ್ವ ಮನೆಗೆ ಬಂದು ಅತ್ತಳು. ಅದುವರೆಗೂ ಅತ್ತಿರಲಿಲ್ಲ. ಚಿಕ್ಕಪ್ಪ ಮಗ್ಗದ ಗುಂಡಿಯಲ್ಲಿ ಕೂತೇ ಕೇಳಿಸಿಕೊಂಡ.

"ಸಿದ್ದಪ್ಪ, ನೀನೊಂದು ಮಾತು ಕೇಳಿ ನೋಡಪ್ಪ ಸಾವ್ಕಾರ್ರ. ನಿನ್ನ ಸೀರೆ ಅಂದ್ರೆ ಅವ್ರಿಗೆ ಪಿರೀತಿ. ಒಂದು ಬಟ್ಲು ತಣ್ಣೀರು ಮಡಗ್ಲಿ ಸಾಕು."

"ಓಗು ಅತ್ಗೆ, ಇಂತದ್ಕೆಲ್ಲ ಅವ್ರತ್ರ ಓದ್ರೆ ನಗ್ತಾರೆ. ಬಿಸ್ನೀರ್ ಕೆಲ್ಸ ಅಂದ್ಮೇಲೆ ಕೈ ಸುಡದೆ ಇರ್ತದಾ?"

ಅಷ್ಟು ಹೇಳಿ ಲಾಳಿ ಎಸೆದ. ಅವನ ಹೆಂಡತಿಯ ಕೈಯೂ ಬೇಯುತ್ತಿತ್ತು, ಅದೂ ಅವನಿಗೆ ಕಾಣುತ್ತಿತ್ತು. ಕೆಟ್ಟವನಲ್ಲ ಆತ. ನನಗೆ ಯಳಂದೂರು ಸಂತೆಯಿಂದ ರಿಬ್ಬನ್ನು ತಂದುಕೊಟ್ಟವನು. ಆದರೆ ಹೆಂಗಸರ ಕೈ ಸುಡುವುದು ಮಳೆ ಬಿಸಿಲಿನ ಥರ ಆಗುವಂಥದ್ದು ಅಂತ ತಿಳಿದಿದ್ದ. ಆ ಬೀದಿಯ ಗಂಡಸರೆಲ್ಲ ಹಾಗೇ ತಿಳಿದಿದ್ದರು.

ಒಂದು ದಿನ ಸಾಯಂಕಾಲ ಚಿಕ್ಕವ್ವ ಸೆರಗಿನಲ್ಲಿ ಎರಡೂ ಕೈ ಮುಚ್ಚಿಕೊಂಡು ಬಂದಳು. ಮುಖ ಬಿಳಿಚಿಕೊಂಡಿತ್ತು. ಅಜ್ಜಿ ಏನವ್ವ ಅಂತ ಸೆರಗು ಸರಿಸಿದರೆ ಕೈಯಲ್ಲಿ ಬಳೆ ಇಲ್ಲ. ಬಳೆಯ ಚೂರು ಬೇಸಿನ್ನಿಗೆ ಬಿದ್ದು ಎಳೆ ಕಡಿಯುತ್ತದೆ, ಇನ್ನುಮೇಲೆ ಗಾಜಿನ ಬಳೆ ತೊಟ್ಟವರು ಒಳಗೆ ಬರುವ ಹಾಗಿಲ್ಲ ಅಂತ ಹೊಸ ಆರ್ಡರು. ಗೇಟಿನಲ್ಲಿ ಮೇಸ್ತ್ರಿ ಒಂದು ಬಿದಿರು ಬುಟ್ಟಿ ಇಟ್ಟುಕೊಂಡು ನಿಂತು ಎಲ್ಲರ ಬಳೆ ಕಳಚಿಸಿದ್ದ. ಸಂಜೆ ವಾಪಸ್ಸು ಕೊಡುವಾಗ ಯಾರದ್ದು ಯಾರಿಗೆ ಅಂತ ಗೊತ್ತಾಗದೆ ಅರ್ಧ ಜನ ಬರಿಗೈಯಲ್ಲೇ ಮನೆಗೆ ಬಂದಿದ್ದರು. ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು ಕುಸಿದು ಕೂತಳು.

"ಅಯ್ಯೋ ಮಾದಪ್ಪ, ಒಬ್ಬ ಮಗನ್ನ ಕಳ್ಕಂಡಿದ್ದು ಸಾಲ್ದಾ? ಇವ್ಳು ಬದ್ಕಿರೋ ಗಂಡನ ಮುಂದೆ ಬರಿಗೈಲಿ ಬಂದವ್ಳಲ್ಲಪ್ಪ."

ಚಿಕ್ಕಪ್ಪ ಗುಂಡಿಯಿಂದ ಎದ್ದ ರಭಸಕ್ಕೆ ಮಗ್ಗವೇ ಅದುರಿತು. ಹೆಂಡತಿಯ ಕೈ ಹಿಡಿದು ಬೀದಿಗೆ ಎಳೆದುಕೊಂಡು ಹೋದ. ಅಷ್ಟರಲ್ಲಿ ಎಲ್ಲ ಬಾಗಿಲಲ್ಲೂ ಇದೇ ಗಲಾಟೆ. ಚಿಕ್ಕಪ್ಪ ಅವಳ ಎರಡೂ ಕೈ ಮೇಲಕ್ಕೆತ್ತಿ ಎಲ್ಲರಿಗೂ ತೋರಿಸಿದ.

"ನೋಡ್ರಲಾ, ನಾವು ಬದ್ಕಿರುವಾಗ್ಲೇ ನಮ್ಮೆಂಡ್ರ ಮುಂಡೆ ಮಾಡ್ಬುಟ್ಟ ಆ ಸಾವ್ಕಾರ. ನಾವೇನು ಸತ್ತೋಗಿದ್ದೀವಾ?"

ಅವನು ಎತ್ತಿ ಹಿಡಿದ ಆ ಕೈಗಳನ್ನು ಬಾಗಿಲಲ್ಲಿ ನಿಂತು ನಾನೂ ನೋಡಿದೆ. ಹತ್ತು ಬೆರಳೂ ಬೆಂದು ಸುಲಿದಿದ್ದವು. ಇಡೀ ಬೀದಿ ಆ ಕೈಗಳನ್ನು ನೋಡಿತು. ಮಣಿಕಟ್ಟು ಬರಿದಾಗಿದೆ ಅಂತ ಕಂಡಿತೇ ಹೊರತು ಬೆರಳು ಯಾರಿಗೂ ಕಾಣಲಿಲ್ಲ. ಅವ್ವ ನನ್ನ ಪಕ್ಕದಲ್ಲೇ ಇದ್ದಳು. ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಮಾರನೆಯ ದಿನ ಒಬ್ಬ ಹೆಂಗಸೂ ಕೆಲಸಕ್ಕೆ ಹೋಗಲಿಲ್ಲ. ಮಗ್ಗದ ಗಂಡಸರೂ ಮಗ್ಗ ನಿಲ್ಲಿಸಿದರು. ಕೊಯಮತ್ತೂರಿನ ಬಟ್ಟೆಗಿರಣಿಗಳಲ್ಲಿ ಕೂಲಿಕಾರರ ಸಂಘ ಕಟ್ಟಿದ ಒಬ್ಬರನ್ನು ಯಾರೋ ಹೋಗಿ ಕರೆದುಕೊಂಡು ಬಂದರು. ಅರ್ಧ ತಮಿಳು, ಅರ್ಧ ಕನ್ನಡ ಮಾತಾಡುವ ತೆಳ್ಳನೆಯ ಮನುಷ್ಯ. ನಾವೆಲ್ಲ ಸಂಘದಣ್ಣ ಅನ್ನುತ್ತಿದ್ದೆವು. ಬೀದಿಯ ಕೊನೆಯ ಅರಳಿಕಟ್ಟೆಯಲ್ಲಿ ಸಭೆ ಸೇರಿತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಕೆಳಗೆ. ಏನೇನು ಕೇಳಬೇಕು ಅಂತ ಸಂಘದಣ್ಣ ಕೇಳಿದಾಗ ಅವ್ವ ಎದ್ದು ನಿಂತಳು. ಅವಳು ನಾಲ್ಕು ಜನರ ಮುಂದೆ ಮಾತಾಡಿದ್ದು ಅದೇ ಮೊದಲು.

"ಅಣ್ಣಾ, ನಂಗೆ ಬಳೆ ಇಲ್ಲ. ಆದ್ರೆ ಬೆರಳು ಎಲ್ರಿಗೂ ಅದೆ. ಬೇಸಿನ್ ಪಕ್ಕ ಒಂದು ಬಟ್ಲು ತಣ್ಣೀರು ಕೇಳಿ. ಅದು ಮೊದ್ಲು ಕೇಳಿ."

ಸಂಘದಣ್ಣ ಅವಳ ಕೈ ನೋಡಿದರು. ನಿಜ ಹೇಳಬೇಕು, ಅಲ್ಲಿದ್ದವರಲ್ಲಿ ನೋಡಿದ್ದು ಅವರೊಬ್ಬರೇ. ಆದರೂ ತಲೆ ಅಲ್ಲಾಡಿಸಿದರು.

"ಮೊದಲು ಬಳೆ ಅಮ್ಮಾ. ಬಳೆ ಅಂದ್ರೆ ಊರೇ ಎದ್ದು ಬರುತ್ತೆ. ನೀರು ಅಪ್ಪುರಂ."

ಅಪ್ಪುರಂ ಅಂದರೆ ತಮಿಳಿನಲ್ಲಿ ಆಮೇಲೆ ಅಂತ. ಆಮೇಲೆ ಅನ್ನುವ ಮಾತು ಯಾವ ಭಾಷೆಯಲ್ಲಿ ಕೇಳಿದರೂ ನನಗೆ ಅವತ್ತಿನಿಂದ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ. ಕಟ್ಟೆಯ ಮೇಲಿನ ಹಿರಿಯರೊಬ್ಬರು ಇನ್ನೊಂದು ಮಾತು ಸೇರಿಸಿದರು. ಸಾವ್ಕಾರರ ಮನೆಗೆ ಮೆರವಣಿಗೆ ಹೋಗುವಾಗ ಕೆಂಪಮ್ಮ ಹಿಂದೆ ಬರಲಿ, ಮುಂಡೆ ಮುಂದೆ ಬಂದರೆ ಕೆಲಸ ಕೆಡುತ್ತದೆ ಅಂತ. ಅವ್ವ ಹಿಂದೆಯೇ ಹೋದಳು. ಮುಂದೆ ನಡೆಯುತ್ತಿದ್ದವರು ಎಬ್ಬಿಸಿದ ಧೂಳನ್ನೆಲ್ಲ ಹಿಂದಿದ್ದವಳು ಕುಡಿದಳು.

ಮುಷ್ಕರದ ದಿನಗಳಲ್ಲಿ ಮನೆಯಲ್ಲಿ ರಾಗಿ ಗಂಜಿಯೇ ಗತಿ. ಹಿತ್ತಲ ಸೊಪ್ಪು ಮುಗಿದ ಮೇಲೆ ಬೇಲಿಯ ಸೊಪ್ಪು. ಅಜ್ಜಿ ಗೊಣಗುವಳು, ಚಿಕ್ಕಪ್ಪ ಬೀದಿಯಲ್ಲಿ ಭಾಷಣ ಮಾಡಿ ಬಂದು ಖಾಲಿ ಪಾತ್ರೆಗೆ ಕೈಹಾಕುವನು. ಆದರೆ ಆ ದಿನಗಳಲ್ಲಿ ಒಂದು ಸಂಗತಿ ನಡೆಯಿತು. ಅವ್ವನ ಬೆರಳಿಗೆ ಹೊಸ ಚರ್ಮ ಬಂತು. ಮೊದಲು ತೆಳ್ಳಗೆ, ಎಳೆಮಗುವಿನ ಚರ್ಮದಂತೆ ಕೆಂಪಗೆ. ಒಂದು ಬೆಳಗ್ಗೆ ನನ್ನನ್ನು ಎಳೆದು ಕೂರಿಸಿಕೊಂಡು ಜಡೆ ಹಾಕಿದಳು. ಇನ್ನೊಂದು ದಿನ ಗಂಜಿಗೆ ಉಪ್ಪು ಹಾಕಿ ತಾನೇ ಕಲಸಿ ತಾನೇ ಉಂಡಳು. ನಾನು ಬಿಟ್ಟ ಬಾಯಿ ಬಿಟ್ಟ ಹಾಗೇ ನೋಡುತ್ತಿದ್ದೆ. ಹೊಟ್ಟೆಗಿಲ್ಲದ ಆ ದಿನಗಳೇ ನನಗೆ ಹಬ್ಬದ ದಿನಗಳಾಗಿ ನೆನಪಿವೆ ಅಂದರೆ ನಮ್ಮ ಉಳಿದ ದಿನಗಳು ಹೇಗಿದ್ದವು ನೀವೇ ನೋಡಿ.

ಕೊನೆಗೆ ಸಾವ್ಕಾರರು ಬಗ್ಗಿದರು. ಬಗ್ಗಿದ್ದೂ ಎಂಥ ಚೆಂದದಿಂದ ಅಂತೀರಿ. ತಾವೇ ಬಳೆಗಾರನನ್ನು ಕರೆಸಿ ಫ್ಯಾಕ್ಟರಿಯ ಗೇಟಿನಲ್ಲಿ ಕೂರಿಸಿ, ನೀವೆಲ್ಲ ನನ್ನ ಅಕ್ಕತಂಗಿಯರು ಅಂತ ಹೇಳಿ, ಎಲ್ಲರಿಗೂ ಹಸಿರು ಬಳೆ ತೊಡಿಸಿದರು. ಅರಿಶಿನ ಕುಂಕುಮ, ಎಲೆ ಅಡಿಕೆ ಬೇರೆ. ಗಂಡಸರು ಸಾವ್ಕಾರರಿಗೆ ಕೈಮುಗಿದರು, ಕೆಲವರು ಅತ್ತೂಬಿಟ್ಟರು. ಚಿಕ್ಕಪ್ಪ ಮುದುಕನಾದ ಮೇಲೂ ಆ ಗೆಲುವಿನ ಕತೆ ಹೇಳುತ್ತಿದ್ದ, ನಾವು ಬಳೆ ಗೆದ್ದೆವು ಅಂತ. ಅವ್ವನಿಗೆ ಬಳೆಯೂ ಸಿಗಲಿಲ್ಲ, ಕುಂಕುಮವೂ ಇಲ್ಲ. ಗೇಟಿನ ಪಕ್ಕಕ್ಕೆ ಸರಿದು ನಿಂತಿದ್ದಳು. ಸಂಘದಣ್ಣ ಹೊರಡುವಾಗ ನೀರಿನ ವಿಚಾರ ಏನಾಯಿತು ಅಂತ ಕೇಳಿದಳು. ಬಸ್ಸು ಹೊರಟಿತ್ತು. ಅವರು ಕಿಟಕಿಯಿಂದ ಕೈ ಬೀಸಿದರು.

ವಾರ ಕಳೆಯುವುದರೊಳಗೆ ಅವ್ವನ ಹೊಸ ಚರ್ಮ ಪೂರಾ ಕಿತ್ತುಬಂತು. ಮತ್ತೆ ನಾನು ತುತ್ತು ಕೊಡತೊಡಗಿದೆ. ಈ ಸಲ ಚಿಕ್ಕವ್ವನೂ ಉಣ್ಣಲಾರದೆ ಕೂತಳು. ಬಳೆಗಾರ ಬಿಗಿಯಾಗಿ ತೊಡಿಸಿದ್ದ ಹಸಿರು ಬಳೆಗಳು ಕುದಿನೀರಿನ ಉಗಿಗೆ ಕಾದು ಮಣಿಕಟ್ಟಿನ ಸುತ್ತಲೂ ಬಳೆಯಂಥದೇ ಬೊಬ್ಬೆ ಎದ್ದಿತ್ತು. ಚಿಕ್ಕಪ್ಪ ನೋಡಿ, ಕೊಬ್ಬರಿ ಎಣ್ಣೆ ಹಚ್ಚು ಅಂದ. ಅಷ್ಟು ಮೆತ್ತಗಿನ ಹೆಂಗಸು, ಅವತ್ತು ತಲೆ ಎತ್ತಿ ಮಾತಾಡಿದಳು.

"ಬೀದೀಲಿ ಎತ್ತಿಡ್ದು ತೋರುಸ್ದ್ಯಲ್ಲ ಈ ಕೈಯ, ಆಗ ಬೆರಳು ಕಾಣ್ನಿಲ್ವಾ ನಿಂಗೆ?"

"ಏನೇ ಅಂದೆ?"

"ಬಳೆ ಗೆದ್ಯಲ್ಲ, ಅದು ನಿಂಗಾಗಿ ಗೆದ್ದಿದ್ದು. ನಂಗೆ ನೀರು ಬೇಕಾಗಿತ್ತು."

ಚಿಕ್ಕಪ್ಪ ಕೈ ಎತ್ತಿದ. ಅವ್ವ ನಡುವೆ ಬಂದು ನಿಂತದ್ದರಿಂದ ಕೈ ಇಳಿಸಿದ.

ಮರುದಿನ ಬೆಳಗ್ಗೆ ಅವ್ವ ಅಟ್ಟದ ಮೇಲಿಂದ ಆ ಹಳೆಯ ಮಣ್ಣಿನ ಬಟ್ಟಲು ತೆಗೆಸಿದಳು. ಧೂಳು ತೊಳೆದು ನಾನೇ ನೀರು ತುಂಬಿ ಕೊಟ್ಟೆ. ಅವ್ವ ಮುಂದೆ, ಚಿಕ್ಕವ್ವ ಅವಳ ಪಕ್ಕ, ಬುತ್ತಿ ಹಿಡಿದು ಹಿಂದೆ ನಾನು. ದಾರಿಯಲ್ಲಿ ಕೂಡಿಕೊಂಡ ಹೆಂಗಸರ ಕೈಯಲ್ಲೂ ಲೋಟವೋ ಚೊಂಬೋ ತೆಂಗಿನ ಕರಟವೋ ಏನೋ ಒಂದಿತ್ತು. ಅವರವರೇ ಮಾತಾಡಿಕೊಂಡಿದ್ದರು ಅಂತ ಕಾಣುತ್ತದೆ, ಗಂಡಸರಿಗೆ ಸುಳಿವೇ ಇರಲಿಲ್ಲ. ಗೇಟಿನಲ್ಲಿ ಮೇಸ್ತ್ರಿ ತಡೆದ. ಅವ್ವ ಬಟ್ಟಲನ್ನು ನೆಲದ ಮೇಲೆ ಇಟ್ಟು, ಇದಿಲ್ಲದೆ ಒಳಗೆ ಬರಲ್ಲ ಸಾ, ಅಂದಳು. ಅವನು ಕಾಲಿನಿಂದ ಒದ್ದ. ಬಟ್ಟಲು ಉರುಳಿ ನೀರೆಲ್ಲ ಚೆಲ್ಲಿತು, ಪುಣ್ಯಕ್ಕೆ ಒಡೆಯಲಿಲ್ಲ.

ಫ್ಯಾಕ್ಟರಿಯ ಗೇಟಿಗೆ ಎದುರಾಗಿಯೇ ಸಾವ್ಕಾರರ ಮನೆ ಇತ್ತು. ಅವತ್ತು ಅವರ ಮಗನ ನಿಶ್ಚಿತಾರ್ಥ. ಬಾಗಿಲಲ್ಲಿ ಕಾರು ನಿಂತಿತ್ತು, ಹೂವು ಹಣ್ಣಿನ ತಟ್ಟೆಗಳು ಹೊರಗೆ ಬರುತ್ತಿದ್ದವು. ಚಿಕ್ಕವ್ವ ಬಗ್ಗಿ ಬಟ್ಟಲನ್ನು ಎತ್ತಿಕೊಂಡಳು. ಆಮೇಲೆ ಬೊಬ್ಬೆಯೆದ್ದ ಕೈಯಿಂದ ಹಸಿರು ಬಳೆಗಳನ್ನು ಒಂದೊಂದಾಗಿ ಕಳಚಿ ಆ ಖಾಲಿ ಬಟ್ಟಲಿಗೆ ಹಾಕಿದಳು. ನೋವಿಗೆ ತುಟಿ ಕಚ್ಚಿಕೊಂಡಿದ್ದಳು. ಪಕ್ಕದವಳು ತನ್ನ ಬಳೆ ಕಳಚಿದಳು, ಅವಳ ಪಕ್ಕದವಳೂ ಕಳಚಿದಳು. ಮೇಸ್ತ್ರಿ ಬೇಡಿ ಬೇಡಿ ಅನ್ನತೊಡಗಿದ. ಬಳೆ ಕಳಚಿಸಲು ಬುಟ್ಟಿ ಹಿಡಿದು ನಿಂತಿದ್ದ ಅದೇ ಮೇಸ್ತ್ರಿ. ಚಿಕ್ಕವ್ವ ಅವ್ವನ ತೋಳು ಹಿಡಿದು ಎಲ್ಲರಿಗಿಂತ ಮುಂದೆ, ಸಾವ್ಕಾರರ ಕಾರಿನ ಎದುರಿಗೆ ನಿಲ್ಲಿಸಿದಳು. ಅವಳ ಹಿಂದೆ ಎಲ್ಲರೂ ಬರಿಗೈಯಲ್ಲಿ ನಿಂತರು. ಗಂಡಂದಿರು ಬದುಕಿರುವ ಅಷ್ಟು ಹೆಂಗಸರು, ಒಬ್ಬಳ ಕೈಯಲ್ಲೂ ಬಳೆ ಇಲ್ಲ. ಜರಿಪೇಟ ಸುತ್ತಿಕೊಂಡು ಹೊರಗೆ ಬಂದ ಸಾವ್ಕಾರರು ಹೊಸ್ತಿಲಲ್ಲೇ ನಿಂತುಬಿಟ್ಟರು. ಶುಭಕಾರ್ಯಕ್ಕೆ ಹೊರಟ ಮನುಷ್ಯ ಆ ಎದುರು ದಾಟಿ ಹೋಗುವಂತಿರಲಿಲ್ಲ.

"ಏನ್ರಮ್ಮ ಇದು, ಅನಿಷ್ಟ. ಬಳೆ ಕೊಟ್ಟೆನಲ್ಲ ನಿಮಗೆ?"

ಚಿಕ್ಕವ್ವ ಬಳೆ ತುಂಬಿದ ಬಟ್ಟಲನ್ನು ಮುಂದಕ್ಕೆ ಚಾಚಿದಳು.

"ತಕಳಿ ಸಾ ನಿಮ್ಮ ಬಳೆಯ. ಬಟ್ಲು ಖಾಲಿ ಮಾಡಿ ನೀರು ಉಯ್ಸಿ ಕೊಡಿ."

ಬೆಂದ ಕೈ ನೋಡಿ ಆ ಮನುಷ್ಯ ಒಂದು ದಿನವೂ ಕರಗಿರಲಿಲ್ಲ. ಬರಿಗೈ ನೋಡಿ ನಡುಗಿದ. ಕೊಡೋ ನೀರ, ಎಲ್ಲರಿಗೂ ಕೊಡೋ, ದಿನಾ ಕೊಡೋ ಅಂತ ಮೇಸ್ತ್ರಿಗೆ ಕೂಗಿ ಹೇಳಿದ. ಇನ್ಸ್‌ಪೆಕ್ಟರಿಗೆ ತೋರಿಸಲು ಇಟ್ಟಿದ್ದ ಆ ಹಿತ್ತಾಳೆ ಬಟ್ಟಲುಗಳು ಹೊರಗೆ ಬಂದವು, ಬೇಸಿನ್ನುಗಳ ಪಕ್ಕದಲ್ಲಿ ಕೂತವು, ಆಮೇಲೆ ಯಾವತ್ತೂ ಒಳಗೆ ಹೋಗಲಿಲ್ಲ. ಇಷ್ಟಕ್ಕೆ ಇಷ್ಟೆಲ್ಲ ಆಗಬೇಕಾಯಿತು. ನ್ಯಾಯ ಅಂತ ಕೊಡಲಿಲ್ಲ, ಅಪಶಕುನಕ್ಕೆ ಹೆದರಿ ಕೊಟ್ಟರು. ಅದಕ್ಕೇ ನನ್ನ ಸಿಟ್ಟು ಇಳಿದಿಲ್ಲ.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಸಂಜೆ ನಾವು ಬಂದಾಗ ಚಿಕ್ಕಪ್ಪ ಮಗ್ಗದಲ್ಲಿ ಇರಲಿಲ್ಲ, ಅಡುಗೆಮನೆಯಲ್ಲಿ ಊಟಕ್ಕೆ ಬಂದು ಕೂತಿದ್ದ. ಹೆಂಡತಿಯ ಮುಖ ನೋಡಲಿಲ್ಲ. ಅಜ್ಜಿಗೆ ಹೇಳುವ ಹಾಗೆ ಹೇಳಿದ.

"ಗಂಡ ಇರೋ ಹೆಂಗ್ಸು ತಾನಾಗೇ ಬಳೆ ಕಳ್ಚವ್ಳೆ. ಮತ್ತೆ ತೊಡೋಗಂಟ ಇವ್ಳಿಗೆ ಈ ಮನೇಲಿ ಇಟ್ಟಿಲ್ಲ."

ಇಟ್ಟು ಅಂದರೆ ನಮ್ಮಲ್ಲಿ ಮುದ್ದೆ. ಅಜ್ಜಿ ತಟ್ಟೆಗಳನ್ನು ಹಾಕಿದಳು. ಚಿಕ್ಕಪ್ಪನಿಗೆ, ನನಗೆ, ಅವ್ವನಿಗೆ, ತನಗೆ. ಚಿಕ್ಕವ್ವನಿಗೆ ಹಾಕಲಿಲ್ಲ. ಅವಳು ಒಲೆಯ ಪಕ್ಕದಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ನಾನು ರೂಢಿಯಂತೆ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ಅವ್ವನ ಬಾಯಿಗೆ ಹಿಡಿದೆ. ಅವ್ವ ನನ್ನ ಕೈ ಪಕ್ಕಕ್ಕೆ ಸರಿಸಿದಳು. ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಸುಲಿದ ಬೆರಳುಗಳಿಂದಲೇ ಹೊಗೆಯಾಡುವ ಮುದ್ದೆ ಮುರಿದಳು. ಖಾರದ ಸಾರಿಗೆ ಅದ್ದಿದಳು. ಅವಳ ದವಡೆ ಬಿಗಿಯಾದದ್ದು, ಕಣ್ಣಿನಲ್ಲಿ ನೀರು ಬಂದದ್ದು ನನಗೆ ಕಂಡಿತು, ಎದುರಿಗೆ ಕೂತ ಚಿಕ್ಕಪ್ಪನಿಗೂ ಕಂಡಿತು. ಆ ತುತ್ತನ್ನು ಚಿಕ್ಕವ್ವನ ಬಾಯಿಗಿಟ್ಟಳು. ಚಿಕ್ಕವ್ವ ಬೇಡಕ್ಕ, ನಿನ್ನ ಕೈ ಉರಿಯುತ್ತದೆ ಅಂತ ಮುಖ ತಿರುಗಿಸಿದಳು.

"ಉಣ್ಣವ್ವ ನಾಗಿ. ಇವತ್ತು ನನ್ನ ಕೈ ತಣ್ಣಗದೆ."

ಚಿಕ್ಕವ್ವ ಬಾಯಿ ತೆರೆದಳು. ಅವ್ವ ಇನ್ನೊಂದು ತುತ್ತು ಮುರಿದಳು, ಮತ್ತೊಂದು ಮುರಿದಳು. ಚಿಕ್ಕಪ್ಪ ತಲೆ ಬಗ್ಗಿಸಿಕೊಂಡು ತನ್ನ ತಟ್ಟೆಯನ್ನೇ ನೋಡುತ್ತಿದ್ದ, ಉಣ್ಣಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿ ಎದ್ದು ಹೋಗಿ, ಇನ್ನೊಂದು ತಟ್ಟೆ ತೊಳೆದು ತಂದು ಚಿಕ್ಕವ್ವನ ಮುಂದೆ ಇಟ್ಟಳು.